ವ್ಯಾಂಪೈರ್ ಹಾರರ್ ಕಾಮಿಡಿ: 6 ಮತ್ತು 10 ವರ್ಷದವರಿಗೆ ತೋರಿಸಬಹುದಾ?

ತಿಂಗಳಬೆಳಕು:
ದೊಡ್ಡವನಿಗೆ 10, ತಂಗಿಗೆ 6. ವ್ಯಾಂಪೈರ್ (ರಕ್ತ ಹೀರೋ ಪಿಶಾಚಿ) ಇರೋ ಹಾರರ್ ಕಾಮಿಡಿಯೊಂದನ್ನು ನೋಡಲೇಬೇಕು ಅಂತ ಇಬ್ಬರದೂ ಹಟ. ಸರ್ಟಿಫಿಕೇಟ್ ಯು/ಎ 13+. ಟ್ರೇಲರ್ ತುಂಬ ಬರೀ ನಗು. ಪೂರ್ತಿ ಸಿನಿಮಾ ಮೊದಲೇ ನೋಡೋಷ್ಟು ಪುರುಸೊತ್ತಿಲ್ಲ. ಏನೇನು ನೋಡಿ ತೀರ್ಮಾನ ಮಾಡಬೇಕು? "ಕಾಮಿಡಿ ತಾನೇ, ಬಿಡಿ" ಅನ್ನೋ ಉತ್ತರ ದಯವಿಟ್ಟು ಬೇಡ.

ಕತ್ತರಿಪ್ರಯೋಗ:
ಟ್ರೇಲರ್ ಪಕ್ಕಕ್ಕಿಡಿ. ಎಲ್ಲ ವಯಸ್ಸಿನವರ ಮುಂದೆ ಓಡಬೇಕಾದ ಟ್ರೇಲರಿನಲ್ಲಿ ಕಚ್ಚೋ ಶಾಟ್ ಬಿಟ್ಟು ಪಂಚ್ ಡೈಲಾಗ್ ಮಾತ್ರ ಪೋಣಿಸಿರ್ತಾರೆ.

ಯು/ಎ 13+ ಅಂದರೆ ಚಿಕ್ಕವರು ನೋಡಲೇಬಾರದು ಅಂತಲ್ಲ, ನಿರ್ಧಾರ ಹೆತ್ತವರಿಗೆ ಬಿಟ್ಟಿದ್ದು ಅಂತ. ಓಟಿಟಿಯಲ್ಲಾದರೆ ಆ ಅಂಕಿಯ ಪಕ್ಕದ ಚಿಕ್ಕ ಸಾಲನ್ನು ಓದಿ. ಒಂದು ಸಿನಿಮಾಗೆ 13+ ಸಿಕ್ಕಿದ್ದು ಬೈಗುಳಕ್ಕೆ, ಇನ್ನೊಂದಕ್ಕೆ ರಕ್ತಕ್ಕೆ. ಎರಡೂ ಒಂದೇ ಅಲ್ಲ. ವಿದೇಶಿ ಚಿತ್ರವಾದರೆ ಅಲ್ಲಿನ ರೇಟಿಂಗನ್ನೂ ತಾಳೆ ನೋಡಿ. ಬ್ರಿಟನ್ನಿನಲ್ಲಿ 15 ಅಂತಿದ್ದರೆ ಅದಕ್ಕಿಂತ ಚಿಕ್ಕವರನ್ನು ಥಿಯೇಟರ್ ಒಳಗೇ ಬಿಡಲ್ಲ. ಹಳೇ ಅಮೆರಿಕನ್ ಚಿತ್ರದ ಪಿಜಿ (ಹೆತ್ತವರ ಮಾರ್ಗದರ್ಶನ ಇರಲಿ ಅನ್ನೋ ರೇಟಿಂಗ್) ನೋಡಿ ಮೋಸ ಹೋಗಬೇಡಿ. ಅಲ್ಲಿ 13ರೊಳಗಿನವರ ಬಗ್ಗೆ ಇನ್ನೂ ಎಚ್ಚರ ಅನ್ನೋ ಪಿಜಿ-13 ಬಂದಿದ್ದೇ 1984ರಲ್ಲಿ, 'ಗ್ರೆಮ್ಲಿನ್ಸ್' ಎಂಬ ಹಾರರ್ ಕಾಮಿಡಿಗೆ ಬರೀ ಪಿಜಿ ಕೊಟ್ಟಿದ್ದಕ್ಕೆ ಹೆತ್ತವರು ರೇಗಿದ ಮೇಲೆ. ('ಇಂಡಿಯಾನಾ ಜೋನ್ಸ್' ಸರಣಿಯ ಎರಡನೇ ಚಿತ್ರದ ಮೇಲೂ ಅದೇ ದೂರಿತ್ತು.)

ಒಂದು ಗಂಟೆ ಮಾಡಿಕೊಳ್ಳಿ. ಮೊದಲ 12 ನಿಮಿಷ, ಮೊದಲ ಸಲ ಕಚ್ಚೋ ದೃಶ್ಯ, ಕೊನೆಯ 25 ನಿಮಿಷ. ಇಷ್ಟನ್ನು ಮಾಮೂಲಿ ವೇಗದಲ್ಲಿ ನೋಡಿ, ಉಳಿದದ್ದನ್ನು ಓಡಿಸಿ. ಸೌಂಡ್ ಮಾತ್ರ ಮ್ಯೂಟ್ ಮಾಡಬೇಡಿ, ಹೆದರಿಸೋ ಕೆಲಸದಲ್ಲಿ ಅರ್ಧಪಾಲು ಅದರದ್ದೇ.

ಗೂಬೆಕಣ್ಣು:
ರಕ್ತ ಎಷ್ಟು ಲೀಟರ್ ಅನ್ನೋದಕ್ಕಿಂತ ಯಾರನ್ನು ಕಚ್ಚುತ್ತೆ ಅನ್ನೋದು ಮುಖ್ಯ. 6ರ ಮಗುವಿಗೆ ಕಣ್ಣಿಗೆ ಕಂಡಿದ್ದೇ ಸತ್ಯ. "ಸುಳ್ಳು, ಬಣ್ಣ ಬಳಿದಿದ್ದು" ಅಂದರೆ ತಲೆಯಾಡಿಸುತ್ತೆ, ಹೆದರಿಕೆ ಹಾಗೇ ಉಳಿಯುತ್ತೆ. ಆ ವಯಸ್ಸಿಗೆ ತೀರಾ ಕೆಟ್ಟದ್ದು ನಮ್ಮವರೇ ಬದಲಾಗೋ ದೃಶ್ಯ. ಒಲೆ ಮುಂದೆ ನಗುತ್ತಾ ನಿಂತಿದ್ದ ಅಮ್ಮ ತಿರುಗಿದರೆ ಕಣ್ಣು ಹಳದಿ, ಬಾಯಲ್ಲಿ ಕೋರೆಹಲ್ಲು. ನಮಗೆ ಅದು ಜೋಕು. ಮಗುವಿಗೆ ಅಮ್ಮನೇ ಇಲ್ಲವಾದ ಹಾಗೆ. ಕೋಟೆಯಲ್ಲಿ ಒಂಟಿಯಾಗಿರೋ ಪೆದ್ದು ಪಿಶಾಚಿ ಇದರ ಮುಂದೆ ಏನೂ ಅಲ್ಲ.

10ರವನ ಭಯ ಬೇರೆ: "ನನಗೂ ಹೀಗಾದರೆ?" ಮಲಗೋ ಕೋಣೆಯ ಕಿಟಕಿ ಬಡಿಯೋದು, ಮಕ್ಕಳೇ ಬಲಿಯಾಗೋದು ಇದ್ದರೆ ಎಚ್ಚರ. ಇನ್ನೊಂದು, ಈ ಚಿತ್ರಗಳ ಅರ್ಧ ಜೋಕು ಹಳೇ ವ್ಯಾಂಪೈರ್ ಚಿತ್ರಗಳ ಅಣಕ. ಮೂಲ ಗೊತ್ತಿಲ್ಲದ ಮಗುವಿಗೆ ಜೋಕು ದಾಟದೆ ಹಲ್ಲು ಮಾತ್ರ ದಾಟುತ್ತೆ.

ವ್ಯಾಂಪೈರ್ ಸಾಯೋ ರೀತಿಯನ್ನೂ ಗಮನಿಸಿ. ಬಿಸಿಲಿಗೆ ಬೂದಿಯಾಗೋದು ಸೌಮ್ಯ. ಎದೆಗೆ ಗೂಟ ಇಳಿಯುವಾಗ ಕರಕ್ ಅನ್ನೋ ಸದ್ದು, ಜೊತೆಗೆ ಮುಖದ ಕ್ಲೋಸಪ್ ಬಂದರೆ ಸೌಮ್ಯ ಅಲ್ಲ. ಕುತ್ತಿಗೆ ಕಚ್ಚೋದನ್ನು ಮುತ್ತಿನ ಹಾಗೆ, ನಿಧಾನಕ್ಕೆ ಕಣ್ಣು ಮುಚ್ಚಿಸಿ ತೋರಿಸೋದು ಮಾಮೂಲು. ವಶೀಕರಣವೂ ನಗೋಕೆ ಅಂತಲೇ ಬರುತ್ತೆ. ಮಂಕುಬೂದಿ ಎರಚಿ ಹೂಂ ಅನ್ನಿಸಿದ್ದು ಒಪ್ಪಿಗೆಯಲ್ಲ ಅಂತ ದೊಡ್ಡವನಿಗೆ ಒಂದು ಮಾತು ಹೇಳಿದರೆ ಸಾಕು, ಭಾಷಣ ಬೇಡ.

ತಿಂಗಳಬೆಳಕು:
ಅಂಥ ದೃಶ್ಯ ಬಂದಾಗ ಫಾರ್ವರ್ಡ್ ಮಾಡಿದರೆ ಆಗಲ್ವಾ?

ಕತ್ತರಿಪ್ರಯೋಗ:
10 ಸೆಕೆಂಡಿನ ಬಟನ್ ಸಾಲದು. ಜಂಪ್ ಸ್ಕೇರ್‌ನಲ್ಲಿ ಬೆಚ್ಚಿಬೀಳಿಸೋದು ಒಂದು ಸೆಕೆಂಡ್, ಅದಕ್ಕೆ ಮುಂಚಿನ ತಯಾರಿಯೇ ಒಂದು ನಿಮಿಷ ಇರಬಹುದು: ಸಂಗೀತ ನಿಲ್ಲುತ್ತೆ, ಪಾತ್ರ ಒಂಟಿಯಾಗುತ್ತೆ, ಕ್ಯಾಮೆರಾ ಬಾಗಿಲ ಹತ್ತಿರ ಸರಿಯುತ್ತೆ. ಆ ಒಂದು ಸೆಕೆಂಡ್ ಮಾತ್ರ ಹಾರಿಸಿದರೆ ಬಾಗಿಲ ಹಿಂದೆ ಏನಿತ್ತು ಅನ್ನೋದನ್ನು ಮಗು ತಾನೇ ಕಲ್ಪಿಸಿಕೊಳ್ಳುತ್ತೆ, ಅದು ಸಿನಿಮಾದ್ದಕ್ಕಿಂತ ದೊಡ್ಡದಿರುತ್ತೆ. ಸಂಗೀತ ನಿಲ್ಲೋ ಕಡೆಯಿಂದಲೇ ಹಾರಿಸಿ. ಉದಾಹರಣೆಗೆ, 41:10ರಿಂದ 43:05 ಅಂತ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಚೀಟಿಯಲ್ಲಿ ಮೂರು ಸಾಲಿಗಿಂತ ಹೆಚ್ಚಾದರೆ ಆ ಚಿತ್ರ ನೋಡೋ ವಯಸ್ಸು ಮಕ್ಕಳಿಗೆ ಇನ್ನೂ ಆಗಿಲ್ಲ ಅಂತಲೇ ನನ್ನ ಲೆಕ್ಕ. ಕಣ್ಣು ಮುಚ್ಚಿಸೋದಕ್ಕಿಂತ ವಾಲ್ಯೂಮ್ ಇಳಿಸೋದು ಕೆಲಸ ಮಾಡುತ್ತೆ.

ಮಧ್ಯಂತರ:
ಇಬ್ಬರಿಗೂ ಒಂದೇ ಸಿನಿಮಾ ಅನ್ನೋದೇ ತಪ್ಪು. ಕೋಣೆಯಲ್ಲಿರೋ ಚಿಕ್ಕವರ ಲೆಕ್ಕಕ್ಕೆ ಆರಿಸಿ, ಇಲ್ಲವಾದರೆ ದೊಡ್ಡವನಿಗೆ ಬೇರೆ ಹೊತ್ತು. ಅಂಥ ಹೊತ್ತಿನಲ್ಲಿ ತಂಗಿ ಪಕ್ಕದ ಕೋಣೆಯಲ್ಲಿದ್ದರೂ ಸದ್ದು ಕೇಳಿಸುತ್ತೆ, ಹೆಡ್‌ಫೋನ್ ಕೊಡಿ. ಹಗಲಲ್ಲಿ, ಲೈಟ್ ಹಾಕಿಕೊಂಡು ನೋಡಲಿ, ಮಲಗೋ ಮುಂಚೆ ಬೇಡವೇ ಬೇಡ. ಜೋಕಿಲ್ಲದ ಕಡೆ ಜೋರಾಗಿ ನಗೋದು, "ಇವನು ಸಾಯ್ತಾನಾ?" ಅಂತ ಮತ್ತೆ ಮತ್ತೆ ಕೇಳೋದು ಹೆದರಿಕೆಯ ಲಕ್ಷಣ. ನಗ್ತಾ ಇದ್ದಾನಲ್ಲ ಅಂತ ಬಿಡಬೇಡಿ, ಸಿನಿಮಾ ನಿಲ್ಲಿಸಿ ಕೇಳಿ.

ಕೊನೆಯ ಅರ್ಧ ನಿಮಿಷವನ್ನೂ ನೋಡಿಟ್ಟುಕೊಳ್ಳಿ. ಎಲ್ಲ ಸುಖಾಂತ್ಯವಾದ ಮೇಲೆ ಶವಪೆಟ್ಟಿಗೆಯೊಳಗೆ ಕಣ್ಣೊಂದು ಫಕ್ಕನೆ ತೆರೆಯೋದು ಈ ಜಾತಿಯ ಚಿತ್ರಗಳ ಚಟ. ಮಕ್ಕಳು ಹಾಸಿಗೆಗೆ ಹೊತ್ತೊಯ್ಯೋದು ಆ ಶಾಟನ್ನೇ. ಅದಕ್ಕೆ ಮುಂಚೆ ನಿಲ್ಲಿಸಿದರೆ ಕಥೆಗೇನೂ ನಷ್ಟವಿಲ್ಲ.

ಗೂಬೆಕಣ್ಣು:
ಇಷ್ಟಾದರೂ ರಾತ್ರಿ ಹೆದರಿದರೆ "ಪಿಶಾಚಿ ಇಲ್ಲವೇ ಇಲ್ಲ" ಅನ್ನೋದಕ್ಕಿಂತ ಕಥೆಯ ನಿಯಮವನ್ನೇ ಬಳಸಿ: ಒಳಗೆ ಬಾ ಅಂತ ಕರೆಯದೆ ವ್ಯಾಂಪೈರ್ ಹೊಸ್ತಿಲು ದಾಟೋ ಹಾಗಿಲ್ಲ, ನಾವು ಕರೆದಿಲ್ಲವಲ್ಲ. ಆದರೆ ನೀವು ತೋರಿಸಿದ ಚಿತ್ರದಲ್ಲಿ ಆ ನಿಯಮ ಇದೆಯಾ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ. ಕೆಲವು ಕಾಮಿಡಿಗಳಲ್ಲಿ ಅದನ್ನು ಮುರಿಯೋದೇ ಜೋಕು.