ಅಂಬಾಸಡರ್ ಕಣ್ಣಿಗೆ ಪವರ್ ಎಷ್ಟು?

"ಎಲ್‌ಇಡಿ ಹಾಕಿಸಿಬಿಡುತ್ತೇನೆ" ಅಂತ ಸೀನ ಹೇಳಿದ್ದೇ ತಡ, ಕಟ್ಟೆ ಮೇಲೆ ಕೂತಿದ್ದವರೆಲ್ಲ ಎಂಜಿನಿಯರ್‌ಗಳಾದೆವು. ವಿಷಯ ಅವನ 1978ರ ಅಂಬಾಸಡರ್ ಮಾರ್ಕ್ 3 ಕಾರಿನ ಹೆಡ್‌ಲೈಟು. ರಾತ್ರಿ ಮಳವಳ್ಳಿ ಕಡೆಯಿಂದ ಮೈಸೂರಿಗೆ ಬರುವಾಗ ಏನೂ ಕಾಣುವುದಿಲ್ಲವಂತೆ.

"ಏನೂ ಅಂದರೆ?" ಮೇಷ್ಟ್ರು ಕೇಳಿದರು.

"ಕಬ್ಬಿನ ಟ್ರ್ಯಾಕ್ಟರ್ ಮೇಷ್ಟ್ರೇ. ಅದಕ್ಕೆ ಹಿಂದೆ ಲೈಟಿಲ್ಲ, ನನಗೆ ಮುಂದೆ ಇಲ್ಲ. ನನ್ನ ಹೆಡ್‌ಲೈಟ್ ಉರಿಯುತ್ತಿದೆಯಾ ಅಂತ ನೋಡಬೇಕಾದರೂ ಇಳಿದು ಟಾರ್ಚ್ ಬಿಡಬೇಕು."

"ನಿನ್ನ ಗಾಡಿಯ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಆ ಕಾಲದಲ್ಲಿ ಬ್ರಿಟಿಷ್ ಕಾರುಗಳಿಗೆ ಕರೆಂಟಿನ ಸಾಮಾನು ಮಾಡುತ್ತಿದ್ದ ಕಂಪನಿಯ ಮೂಲಪುರುಷನಿಗೆ ಅಲ್ಲಿಯವರೇ 'ಕತ್ತಲೆಯ ರಾಜಕುಮಾರ' ಅಂತ ಬಿರುದು ಕೊಟ್ಟಿದ್ದಾರೆ. ವಂಶದಲ್ಲೇ ಬಂದಿದೆ, ಏನು ಮಾಡುತ್ತೀಯ?"

ಹಿಂದೆ ಲಾರಿ ಓಡಿಸುತ್ತಿದ್ದ ನಾಗಣ್ಣನ ಪರಿಹಾರ ಯಾವಾಗಲೂ ದೊಡ್ಡ ಸೈಜಿನದು. "100/90 ಬಲ್ಬು ಹಾಕಿಸು, ಬ್ರೈಟಿಗೆ 100 ವ್ಯಾಟ್, ಡಿಮ್ಮಿಗೆ 90. ಎದುರಿಗೆ ಬರುವವನು ತಾನೇ ಪಕ್ಕಕ್ಕೆ ಹೋಗುತ್ತಾನೆ."

ಕೆಇಬಿ ಮೂರ್ತಿಗೆ ತಡೆಯಲಾಗಲಿಲ್ಲ. "ಲೆಕ್ಕ ಹಾಕು ನಾಗಣ್ಣ. ಎರಡು ಬಲ್ಬಿಗೆ 200 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ ಹತ್ತಿರ ಹತ್ತಿರ 17 ಆಂಪಿಯರ್. ಈಗಿರುವ 60/55ಕ್ಕಾದರೆ ಹತ್ತೇ ಸಾಕು. ಅಷ್ಟು ಕರೆಂಟು ಡ್ಯಾಶ್‌ಬೋರ್ಡಿನ ಆ ಪುಟ್ಟ ಸ್ವಿಚ್ಚಿನಲ್ಲಿ ಹಾಯಬೇಕು. ಮೊದಲು ಸ್ವಿಚ್ಚು ಬಿಸಿಯಾಗುತ್ತೆ. ಆಮೇಲೆ ಹೋಲ್ಡರ್ ಕರಗುತ್ತೆ. ಕೊನೆಗೆ ಬೆಳಕು ಬರುತ್ತೆ, ಆದರೆ ಬಾನೆಟ್ಟಿನ ಒಳಗಿಂದ."

ಸೀನ ಎಲ್‌ಇಡಿ ಬಿಡಲಿಲ್ಲ. ಅವನ ಭಾವಮೈದ ನ್ಯೂಜೆರ್ಸಿಯಿಂದ ಬರುತ್ತಿದ್ದಾನಂತೆ. ಅಲ್ಲಿ ಜೀಪಿಗೆ ಹಾಕುವ ದುಂಡು ಲೈಟು ಸಿಗುತ್ತೆ. ಅಳತೆ ಅದೇ 7 ಇಂಚು, ಸುಮ್ನೆ ಕೂರಿಸಿದರಾಯಿತು.

"ಕೂರುತ್ತೆ. ಆದರೆ ಅಮೆರಿಕದವರು ಯಾವ ಕಡೆ ಗಾಡಿ ಓಡಿಸುತ್ತಾರೆ?" ಅಂದೆ.

"ಬಲಗಡೆ."

"ಅವರ ಡಿಮ್ ಲೈಟು ರಸ್ತೆಯ ಬಲ ಅಂಚನ್ನು ಚೆನ್ನಾಗಿ ತೋರಿಸುವ ಹಾಗೆ ಮಾಡಿರುತ್ತಾರೆ. ನಮಗೆ ಬಲಗಡೆ ಏನಿರುತ್ತೆ?"

"ಎದುರಿಂದ ಬರುವ ಬಸ್ಸಿನ ಡ್ರೈವರ್ ಮುಖ" ಅಂದ ನಾಗಣ್ಣ. ಬಸ್ಸಿನವರ ಮೇಲೆ ಅವನಿಗೆ ಹಳೆಯ ಸಿಟ್ಟು, ಹಾಗಾಗಿ ಖುಷಿಯಾದ.

"ಹಾಗಾದರೆ ಇಲ್ಲಿಯ ಎಲ್‌ಇಡಿ ಬಲ್ಬನ್ನೇ ಈ ಹಳೇ ಹೆಡ್‌ಲೈಟ್ ಡೂಮಿಗೆ ಹಾಕುತ್ತೇನೆ. ಕರೆಂಟೂ ಕಡಿಮೆ ತಿನ್ನುತ್ತೆ, ಅಲ್ವಾ?"

ಅದು ನಿಜ. ಸೀನನ ಗಾಡಿಯಲ್ಲಿ ಇನ್ನೂ ಡೈನಮೋ ಇದೆ. ಸಿಗ್ನಲ್ಲಿನಲ್ಲಿ ನಿಂತರೆ ಅದು ಚಾರ್ಜ್ ಕೊಡುವುದು ಅಷ್ಟಕ್ಕಷ್ಟೇ, ಲೈಟು ಹಳದಿ ತಿರುಗುತ್ತೆ. ಆದರೆ ಈಗ ಅದರಲ್ಲಿರುವ ಎಚ್4 ಅನ್ನುವ ಜಾತಿಯ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದ್ದೀರಾ? ಒಳಗೆ ಎರಡು ಫಿಲಮೆಂಟ್. ಡಿಮ್ಮಿನ ಫಿಲಮೆಂಟಿನ ಕೆಳಗೆ ಒಂದು ಸಣ್ಣ ತಗಡಿನ ಬಟ್ಟಲು ಇರುತ್ತೆ. ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬಿದ್ದು ಮೇಲಕ್ಕೆ ಚಿಮ್ಮಬಾರದು ಅಂತ ಈ ಉಪಾಯ. ಫಿಲಮೆಂಟು ಎಲ್ಲಿರುತ್ತೋ ಆ ಜಾಗವನ್ನೇ ನಂಬಿಕೊಂಡು ರಿಫ್ಲೆಕ್ಟರ್ ಮಾಡಿರುತ್ತಾರೆ. ಅಲ್ಲಿಗೆ ಯಾವುದೋ ಎಲ್‌ಇಡಿ ತುರುಕಿದರೆ ಬೆಳಕು ದಿಕ್ಕಾಪಾಲು. ಬೀದಿಯವರೆಲ್ಲ "ಎಂಥಾ ಲೈಟು!" ಅನ್ನುತ್ತಾರೆ, ಹಳ್ಳ ಮಾತ್ರ ಕಾಣುವುದಿಲ್ಲ. ಸಾಲದ್ದಕ್ಕೆ, ಕಣ್ಣು ಕುಕ್ಕುವ ಎಲ್‌ಇಡಿ ಇದ್ದವರ ಮೇಲೆ ನಮ್ಮ ರಾಜ್ಯದ ಪೊಲೀಸರು 2024ರ ಜುಲೈಯಿಂದ ಕೇಸು ಹಾಕಲು ಶುರು ಮಾಡಿದ್ದಾರೆ.

"ಹಿಂದೆಲ್ಲ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದರು" ಅಂದರು ಮೇಷ್ಟ್ರು.

"ನನ್ನ ಲೈಟಿಗೆ ಬಳಿದರೆ ಉಳಿಯುವುದೇನು ಮೇಷ್ಟ್ರೇ?"

ಅಷ್ಟರಲ್ಲಿ ಮೂರ್ತಿ ಮನೆಯಿಂದ ಮೀಟರ್ ತಂದಿದ್ದ. ಲೈಟ್ ಹಾಕಿಸಿ ಬ್ಯಾಟರಿ ಮೇಲೆ ಇಟ್ಟ, 12.6 ವೋಲ್ಟು. ಬಲ್ಬಿನ ಹಿಂದೆ ಇಟ್ಟ, 10.8. ಅವನ ಮುಖ ಅರಳಿತು. "ನೌಕರಿ ಇಡೀ ಜನ ನನ್ನನ್ನು ಬೈದದ್ದು ಇದಕ್ಕೇ ಕಣಯ್ಯಾ. ಲೋ ವೋಲ್ಟೇಜ್! ಟ್ರಾನ್ಸ್‌ಫಾರ್ಮರ್ ಪಕ್ಕದ ಮನೆಯಲ್ಲಿ ಬಲ್ಬು ಝಗಝಗ, ಲೈನಿನ ಕೊನೇ ಮನೆಯಲ್ಲಿ ಮಿಣಮಿಣ. ನಿನ್ನ ಹೆಡ್‌ಲೈಟು ಕೊನೇ ಮನೆ."

ದಾರಿ ನೋಡಿದರೆ ಅವನ ಮಾತು ಸರಿ. ಬ್ಯಾಟರಿಯಿಂದ ಹೊರಟ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಎಡಗಾಲಿನ ಹತ್ತಿರ ಡಿಮ್-ಬ್ರೈಟ್ ಬದಲಿಸುವ ಡಿಪ್ಪರಿಗೆ ಇಳಿದು, ತಿರುಗಿ ಮುಂದಕ್ಕೆ ಹೋಗಿ, ಬಲ್ಬು ದಾಟಿ, ತುಕ್ಕು ಹಿಡಿದ ಬಾಡಿ ಅರ್ತಿಂಗ್ ಹುಡುಕಿಕೊಂಡು ಮನೆ ಸೇರಬೇಕು. ವೋಲ್ಟೇಜು ಶೇಕಡ 10 ಇಳಿದರೆ ಇಂಥ ಬಲ್ಬಿನ ಬೆಳಕು ಸುಮಾರು 30 ಇಳಿಯುತ್ತೆ. ಸೀನನ ಗಾಡಿಯಲ್ಲಿ ವೋಲ್ಟೇಜೇ ಶೇಕಡ 14 ಇಳಿದಿತ್ತು.

"ರಿಲೇ ಹಾಕಿಸು, ಸಣ್ಣ ಕರೆಂಟಿನ ಮಾತು ಕೇಳಿ ದೊಡ್ಡ ಕರೆಂಟು ಬಿಡುವ ಸ್ವಿಚ್ಚು ಅದು. ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು. ಬ್ಯಾಟರಿಯಿಂದ ಫ್ಯೂಸ್ ಕೊಟ್ಟು ದಪ್ಪ ವೈರ್ ನೇರ ಬಲ್ಬಿಗೆ. ಹಳೇ ಸ್ವಿಚ್ಚು ಬರೀ ಅಪ್ಪಣೆ ಕೊಡಲಿ, ಹೊರೆ ಹೊರುವುದು ಬೇಡ. ಅರ್ತಿಂಗಿಗೂ ಬೇರೆ ವೈರ್ ಎಳೆಸು" ಅಂದ ಮೂರ್ತಿ.

"ಕಾಲಿನ ಡಿಪ್ಪರ್?" ನಾಗಣ್ಣನಿಗೆ ಆತಂಕ.

"ಅದು ಇರಲಿ. ಎದುರಿಗೆ ಬಸ್ಸು ಬಂದಾಗ ಕ್ಲಚ್ ಒತ್ತಬೇಕೋ ಡಿಪ್ ಮಾಡಬೇಕೋ ಅನ್ನುವ ಥ್ರಿಲ್ ಹಾಗೇ ಇರಲಿ."

ಮುಂದಿನ ಭಾನುವಾರ ರಿಲೇ ಕೂತಿತ್ತು, ಬಲ್ಬು ಅದೇ 60/55. ಇಪ್ಪತ್ತೈದು ಅಡಿ ದೂರದ ಗೋಡೆಗೆ ಬೆಳಕು ಬಿಟ್ಟು ನೇರ ಮಾಡಿದೆವು. ಹಿಂದಿನ ಸೀಟಿಗೆ ನಾವು ನಾಲ್ವರೂ ಹತ್ತಿದ್ದೇ ತಡ, ಹಿಂಭಾಗ ಕುಸಿದು ಬೆಳಕು ಗೋಡೆ ಬಿಟ್ಟು ತೆಂಗಿನಮರಕ್ಕೆ ಹೋಯಿತು. ಸೀನನ ಮನೆಯವರು ಯಾವಾಗಲೂ ಗಾಡಿ ತುಂಬ ಹೋಗುವವರು. ಹಾಗಾಗಿ ನಾವು ಕೂತಿದ್ದಂತೆಯೇ ಅವನು ಸ್ಕ್ರೂ ತಿರುಗಿಸಿ ಕೆಳಗಿಳಿಸಿದ. ಯಾರೂ ಕೆಮ್ಮಬಾರದು ಅಂತ ಅಪ್ಪಣೆ ಬೇರೆ.

ರಾತ್ರಿ ಒಂದು ಸುತ್ತು ಹೋಗಿ ಬಂದ. "ಈಗ ಎಲ್ಲ ಕಾಣುತ್ತೆ. ಮುಂದಿನ ಗ್ಲಾಸಿನ ಗೀರೆಲ್ಲ ಕಾಣುತ್ತೆ. ವೈಪರ್ ಅರ್ಧಕ್ಕೆ ನಿಲ್ಲುವುದೂ ಕಾಣುತ್ತೆ."

"ಮಳೆಗಾ? ಬೀಡಿ ಬಿಚ್ಚಿ ತಂಬಾಕು ಉಜ್ಜು ಗ್ಲಾಸಿಗೆ, ನೀರು ನಿಲ್ಲುವುದಿಲ್ಲ" ಅಂದ ನಾಗಣ್ಣ, ಜೇಬು ತಡಕುತ್ತಾ.

ಮೂರ್ತಿ ಆಗಲೇ ಮೀಟರಿನ ವೈರ್ ಬಿಡಿಸುತ್ತಿದ್ದ. "ಮೊದಲು ವೈಪರ್ ಮೋಟಾರಿಗೆ ಎಷ್ಟು ವೋಲ್ಟು ಬರುತ್ತೆ ನೋಡೋಣ, ಇರಿ."