48ಕೆ ಸ್ಪೆಕ್ಟ್ರಮ್‌ನಲ್ಲಿ ಸರಳೆ ವರಸೆ ನುಡಿಸೋಕಾಗತ್ತಾ?

ಹಳೇ_ಮಷೀನ್:
ನಮಸ್ಕಾರ ಎಲ್ರಿಗೂ, ಒಂದು ವಾರದಿಂದ, 80ರ ದಶಕದ ಮನೆ ಕಂಪ್ಯೂಟರನ್ನ ಈಗಿನ ಮಷೀನಲ್ಲಿ ಅನುಕರಿಸೋ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಮ್ಯುಲೇಟರ್‌ನಲ್ಲೇ ಮುಳುಗಿದೀನಿ. ಮಗಳ ಸಂಗೀತ ಪಾಠದಲ್ಲಿ ಈಗ ಸರಳೆ ವರಸೆ ನಡೀತಿದೆ, ಅದನ್ನೇ ಅದರ ಪ್ರೋಗ್ರಾಮಿಂಗ್ ಭಾಷೆ ಬೇಸಿಕ್‌ನ ಬೀಪ್ ಕಮಾಂಡಲ್ಲಿ ನುಡಿಸೋಣ ಅಂತ ಕೂತೆ. ಸ್ವರ ಬರತ್ತೆ ಆದ್ರೆ ಒಂದೊಂದೂ ಕತ್ತರಿಸಿ ಇಟ್ಟ ಹಾಗಿದೆ, ಗಮಕ ಇಲ್ಲ, ಹಿಂದೆ ಸ-ಪ ಶ್ರುತಿ ಹಿಡಿಯೋಕೂ ಆಗ್ತಿಲ್ಲ. ಕಮೋಡೋರ್ 64 ಅನ್ನೋ ಇನ್ನೊಂದು ಹಳೇ ಕಂಪ್ಯೂಟರಿಗೆ ಹೋದ್ರೆ ಆಗತ್ತಾ?

ಬೀಪರ್_ಪ್ರೇಮಿ:
ನಿಮ್ಮ ತಪ್ಪೇನಿಲ್ಲ. 1982ರ 48ಕೆ ಸ್ಪೆಕ್ಟ್ರಮ್‌ನಲ್ಲಿ ಸೌಂಡ್ ಚಿಪ್ಪೇ ಇಲ್ಲ, 3.5 ಮೆಗಾಹರ್ಟ್ಸ್‌ನ ಝಡ್80 ಪ್ರೊಸೆಸರ್ರೇ ಪೋರ್ಟ್ 254ರ ಒಂದು ಬಿಟ್ಟನ್ನ ಆನ್ ಆಫ್ ಆನ್ ಆಫ್ ಮಾಡ್ತಾ ಸ್ಪೀಕರ್ ಅಲ್ಲಾಡಿಸತ್ತೆ, ಬೀಪ್ ಮುಗಿಯೋವರೆಗೂ ಬೇರೆ ಕೆಲಸ ಬಂದ್. ಹಂಗಾಗಿ ಬೇಸಿಕ್‌ನಲ್ಲಿ ಎರಡು ಸ್ವರ ಒಟ್ಟಿಗೆ ಬರಲ್ಲ. ಮಷೀನ್ ಕೋಡಲ್ಲಿ (ಪ್ರೊಸೆಸರ್ ನೇರವಾಗಿ ಓದೋ ಭಾಷೆ) ಬರೆದೋರು ಆ ಒಂದೇ ಬಿಟ್‌ನಿಂದ ಎರಡು ಮೂರು ದನಿ ತೆಗೆದಿದಾರೆ.

ಆದ್ರೆ ಒಂದು ವಿಷಯ ಹೇಳ್ಲೇಬೇಕು, ಸ್ಪೆಕ್ಟ್ರಮ್ ಜೊತೆ ಬರ್ತಿದ್ದ ಮ್ಯಾನ್ಯುಯಲ್‌ನಲ್ಲೇ ಭಾರತೀಯ ಸಂಗೀತದ ಪ್ರಸ್ತಾಪ ಇದೆ! ಸೆಮಿಟೋನ್‌ಗಿಂತ (ಹಾರ್ಮೋನಿಯಂನ ಒಂದು ಮನೆಯ ಅಂತರ) ಚಿಕ್ಕ ಅಂತರ ಬೇಕಾದ್ರೆ ಬೀಪ್‌ಗೆ ದಶಾಂಶ ಕೊಡಿ ಅಂತ. ಮಾಯಾಮಾಳವಗೌಳಕ್ಕೆ ಮೊದ್ಲು 0, 1, 4, 5, 7, 8, 11, 12 ಹಾಕಿ, ಆಮೇಲೆ ರಿಷಭವನ್ನ 0.9 ಮಾಡಿ ಕೇಳಿ ನೋಡಿ.

ಸಿಡ್_ಅಭಿಮಾನಿ:
ಕಮೋಡೋರ್ 64 ತಗೊಳ್ಳಿ, ನಿಮಗೆ ಬೇಕಾಗಿರೋದು ಅದೇ. ಅದ್ರಲ್ಲಿ ಸಿಡ್ ಅನ್ನೋ ಸೌಂಡ್ ಚಿಪ್ ಇದೆ, ಬಾಬ್ ಯಾನ್ನೆಸ್ ಡಿಸೈನು, ಮೂರು ವಾಯ್ಸು, ನಾಲ್ಕು ಬಗೆ ತರಂಗ, ಫಿಲ್ಟರ್ರು, ಒಂದೊಂದು ವಾಯ್ಸ್‌ಗೂ ಬೇರೆ ಎನ್ವೆಲಪ್ಪು (ದನಿ ಏರಿ ಇಳಿಯೋ ರೀತಿ). ಎರಡು ವಾಯ್ಸ್ ಶ್ರುತಿಗೆ, ಒಂದು ಹಾಡೋಕೆ, ಸರಿಯಾಯ್ತಲ್ಲ?

ಕಷ್ಟ ಅಂದ್ರೆ ಇಷ್ಟು ಒಳ್ಳೇ ಚಿಪ್ ಕೊಟ್ಟು ಬೇಸಿಕ್‌ನಲ್ಲಿ ಅದಕ್ಕೊಂದು ಕಮಾಂಡ್ ಕೊಟ್ಟಿಲ್ಲ, ಎಲ್ಲಾ ಪೋಕ್ ಮಾಡ್ಬೇಕು, ಅಂದ್ರೆ ಮೆಮೊರಿ ವಿಳಾಸಕ್ಕೆ ನೇರವಾಗಿ ಸಂಖ್ಯೆ ಹಾಕ್ಬೇಕು. 54296ಕ್ಕೆ 15 ಅಂದ್ರೆ ವಾಲ್ಯೂಮ್ ಪೂರ್ತಿ. 54278ಕ್ಕೆ 240 ಅಂದ್ರೆ ದನಿ ಇಳಿಯದೆ ನಿಲ್ಲತ್ತೆ. ಪಾಲ್ (ಟಿವಿ ಪದ್ಧತಿ) ಮಷೀನಲ್ಲಿ ಷಡ್ಜಕ್ಕೆ 4455 (17×256 + 103) ಬೇಕು, ಅಂದ್ರೆ 54272ಕ್ಕೆ 103, 54273ಕ್ಕೆ 17, ಕೊನೆಗೆ 54276ಕ್ಕೆ 33 ಹಾಕಿದ್ರೆ ಸಾಟೂತ್ (ಗರಗಸದ ಹಲ್ಲಿನಂಥ ತರಂಗ) ಶುರು. ಈ ಸಂಖ್ಯೆ ನೇರವಾಗಿ ಆವರ್ತನದ ಲೆಕ್ಕ, ಅದಕ್ಕೇ ಮಂದ್ರ ಪಂಚಮ ಬೇಕಂದ್ರೆ ಮುಕ್ಕಾಲು ಮಾಡಿ, 3341, ಎರಡನೇ ವಾಯ್ಸ್‌ನ 54279ಕ್ಕೂ 13, 54280ಕ್ಕೂ 13. ಪಿಯಾನೋ ಪಂಚಮ ಅಲ್ಲ, ತಂಬೂರಿಯ ಶುದ್ಧ ಪಂಚಮ!

ಗಮಕಕ್ಕೆ ಗೇಟ್ (ಸ್ವರ ಶುರು ಮಾಡಿ ನಿಲ್ಲಿಸೋ ಸ್ವಿಚ್ಚು) ಬಿಡದೆ ಆವರ್ತನ ಮಾತ್ರ ಜಾರಿಸ್ತಾ ಹೋಗಿ. ಬೇಸಿಕ್ ನಿಧಾನ, ಮಷೀನ್ ಕೋಡಲ್ಲಿ ಸೆಕೆಂಡಿಗೆ 50 ಸಲ ಬದಲಾಯಿಸಿದ್ರೆ ಎಷ್ಟು ನುಣುಪಾಗಿ ಬರತ್ತೆ ಗೊತ್ತಾ.

ಶಾಲೆಯ_ಲ್ಯಾಬ್:
ಬಿಬಿಸಿ ಮೈಕ್ರೋ ಅನ್ನೋ ಕಂಪ್ಯೂಟರನ್ನೂ ನೋಡಿ. 1984ರಲ್ಲಿ ಶುರುವಾದ ಕ್ಲಾಸ್ ಅನ್ನೋ ಶಾಲಾ ಕಂಪ್ಯೂಟರ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದಿದ್ದು ಅದೇ. ಮೂರು ಟೋನು ಒಂದು ನಾಯ್ಸ್ ಅಷ್ಟೇ, ಸಿಡ್‌ನ ಮಾಧುರ್ಯ ಇಲ್ಲ, ಆದ್ರೆ ಅದರ ಬೇಸಿಕ್ ಚೆನ್ನಾಗಿದೆ. ಸೌಂಡ್ ಕಮಾಂಡಲ್ಲಿ ಪಿಚ್ ಕಾಲು ಸೆಮಿಟೋನ್ ಲೆಕ್ಕ, ಎನ್ವೆಲಪ್ ಕಮಾಂಡ್‌ಗೆ 14 ಸಂಖ್ಯೆ ಕೊಟ್ರೆ ಸ್ವರ ತಾನೇ ಮೇಲೆ ಕೆಳಗೆ ಓಲಾಡತ್ತೆ.

ಹಳೇ_ಮಷೀನ್:
ಎಲ್ರಿಗೂ ಥ್ಯಾಂಕ್ಸ್. ಸಿಡ್‌ನಲ್ಲಿ ಶ್ರುತಿ ಹಾಕಿದೆ, ಮಗಳು ಪಕ್ಕದಲ್ಲೇ ಕೂತು ಅದಕ್ಕೇ ಸೇರಿಸಿ ಮೊದಲನೇ ವರಸೆ ಹಾಡಿದ್ಲು. ಈಗ ಶ್ರುತಿ ಇನ್ನೊಂದು ಮನೆ ಏರಿಸು ಅಂತಿದಾಳೆ, ಎರಡೂ ಸಂಖ್ಯೇನ 1.0595ರಿಂದ ಗುಣಿಸಿದ್ರೆ ಸಾಕಲ್ವಾ?

ಸಿಡ್_ಅಭಿಮಾನಿ:
ಸಾಕು. 4720, 3540.