ಅಕ್ಕನ ಫೈಲಿನಲ್ಲಿ ಮೂರು ಕಾಯಿಲೆ ಹೆಸರು. ಯಾವುದು ನಿಜ?

ಅಕ್ಕನ ತಮ್ಮ:
ಫೈಲ್ ಮುಂದಿಟ್ಟುಕೊಂಡು ಕೂತಿದ್ದೇನೆ. ಮೊದಲ ಚೀಟಿಯಲ್ಲಿ ಆತಂಕದ ಕಾಯಿಲೆ ಅಂತ ಇದೆ. ಮರುವರ್ಷ ಖಿನ್ನತೆ. ಹೋದ ವಾರ ಹೊಸ ಡಾಕ್ಟರು ಬೈಪೋಲಾರ್ ಅಂದರು, ಮನಸ್ಸು ಕೆಲವು ದಿನ ಕುಸಿಯೋದು, ಕೆಲವು ದಿನ ವಿಪರೀತ ಹಾರಾಡೋದು ಅಂತೆ. ಹಾಗಾದರೆ ಮೊದಲಿನ ಇಬ್ಬರು ಸುಮ್ನೆ ಏನೋ ಬರೆದುಬಿಟ್ಟರಾ? ಸಕ್ಕರೆ ಕಾಯಿಲೆಯಾದರೆ ರಕ್ತ ನೋಡಿ ಹೇಳುತ್ತಾರೆ. ಇಲ್ಲಿ ಒಂದು ಗಂಟೆ ಮಾತಾಡಿಸಿ ಹೆಸರು ಇಟ್ಟರು, ಅಷ್ಟೇ.

ಅಮ್ಮ ಬೇರೆ 'ನಾನು ಬೈದಿದ್ದಕ್ಕೇ ಹೀಗಾಯ್ತಾ' ಅಂತ ದಿನಾ ಕೇಳುತ್ತಾಳೆ. ಈಗ ಲಿಥಿಯಂ ಕೊಟ್ಟಿದ್ದಾರೆ. ಅಕ್ಕ ಮಾತ್ರೆ ಅಂಗೈಯಲ್ಲಿಟ್ಟುಕೊಂಡು 'ಇದು ಬ್ಯಾಟರಿಗೆ ಹಾಕೋದಲ್ವಾ?' ಅಂದಳು. ಏನು ಹೇಳಬೇಕೋ ಗೊತ್ತಾಗಲಿಲ್ಲ.

ಏಳುಬೀಳು:
ನನಗೂ ಆರು ವರ್ಷ ಖಿನ್ನತೆ ಅಂತಲೇ ಬರೆದಿದ್ದರು. ತಪ್ಪು ಅವರದಲ್ಲ. ನಾನು ಡಾಕ್ಟರ ಹತ್ತಿರ ಹೋಗುತ್ತಿದ್ದದ್ದೇ ಹಾಸಿಗೆಯಿಂದ ಏಳಲಾಗದ ದಿನಗಳಲ್ಲಿ. ಹಾರಾಡುವಾಗ ಯಾರು ಹೋಗುತ್ತಾರೆ? ಒಂದು ಸಲ ರಾತ್ರಿ ಎರಡು ಗಂಟೆಗೆ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಬಣ್ಣದ ಪ್ರಕಾರ ಜೋಡಿಸಲು ಕೂತೆ. ಬೆಳಗಾದರೂ ಮುಗಿದಿರಲಿಲ್ಲ, ಸುಸ್ತೂ ಇಲ್ಲ. ಆಮೇಲೆ ಒಬ್ಬ ಡಾಕ್ಟರು 'ಮೂರು ಗಂಟೆ ಮಲಗಿಯೂ ಚುರುಕಾಗಿದ್ದ ದಿನಗಳಿದ್ದವಾ?' ಅಂತ ಕೇಳಿದರು. 'ನಾನು ಚೆನ್ನಾಗಿದ್ದದ್ದೇ ಆವಾಗ' ಅಂದೆ. ಪಕ್ಕದಲ್ಲಿದ್ದ ನನ್ನ ತಂಗಿ ತಲೆ ಚಚ್ಚಿಕೊಂಡಳು.

ನೈಟ್ ಡ್ಯೂಟಿ:
ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದೆ, ಈಗ ನಿವೃತ್ತಿ. ತಮ್ಮಾ, ಈ ಹೆಸರುಗಳನ್ನು ಕಾರಣ ನೋಡಿ ಇಟ್ಟಿದ್ದಲ್ಲ. ಯಾವ ಲಕ್ಷಣ, ಎಷ್ಟು ದಿನ, ಬದುಕಿಗೆ ಎಷ್ಟು ಅಡ್ಡಿ ಅಂತ ನೋಡಿ ಇಟ್ಟಿದ್ದು. ಖಿನ್ನತೆ ಅನ್ನಲು ಕನಿಷ್ಠ ಎರಡು ವಾರ ಬೇಕು, ಪೂರ್ತಿ ಉನ್ಮಾದಕ್ಕೆ, ಅಂದರೆ ಆ ಹಾರಾಟ ಮಿತಿಮೀರಿದ ಸ್ಥಿತಿಗೆ, ಸಾಮಾನ್ಯವಾಗಿ ಒಂದು ವಾರ. ಕಾಯಿಲೆಗಳನ್ನು ವಿಂಗಡಿಸಲು ಡಾಕ್ಟರುಗಳು ನೋಡುವ ಕೈಪಿಡಿಗಳು, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ, ಅಮೆರಿಕದವರ ಡಿಎಸ್ಎಂ, ಎರಡೂ ಇದೇ ದಾರಿಯಲ್ಲಿ ನಡೆಯುತ್ತವೆ. ಐಸಿಡಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ರಕ್ತ ಪರೀಕ್ಷೆ ಮಾಡುವುದು ಬೈಪೋಲಾರ್ ಹುಡುಕಲಿಕ್ಕಲ್ಲ. ಥೈರಾಯ್ಡ್‌ನಂಥದ್ದು ಮರೆಯಲ್ಲಿದೆಯಾ ನೋಡಲಿಕ್ಕೆ.

ಆದರೂ ಹೆಸರು ಬದಲಾದದ್ದು ಸಣ್ಣ ವಿಷಯವಲ್ಲ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವರು ಉನ್ಮಾದಕ್ಕೆ ಜಿಗಿಯುತ್ತಾರೆ. ಅದಕ್ಕೇ ಔಷಧಿ ಬದಲಾಗಿದೆ.

ಅಕ್ಕನಿಗೆ ಹೇಳಿ, ಹೌದು, ಅದೇ ಲೋಹ, ಉಪ್ಪಿನ ರೂಪದಲ್ಲಿ. ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಅದನ್ನು ಗಿನಿಪಿಗ್‌ಗಳಿಗೆ ಚುಚ್ಚಿದಾಗ ಅವು ತೆಪ್ಪಗೆ ಮಲಗಿದವು. ತಾನೂ ನುಂಗಿ ನೋಡಿ, ಆಮೇಲೆ ರೋಗಿಗಳಿಗೆ ಕೊಟ್ಟರು. 1949ರಲ್ಲಿ ಅದನ್ನು ಪ್ರಕಟಿಸಿದರು. ಗಿನಿಪಿಗ್‌ಗಳು ಬಹುಶಃ ವಿಷವೇರಿ ಸುಮ್ಮನಾಗಿದ್ದವು ಅಂತ ಆಮೇಲೆ ಮಾತು ಬಂತು! ಔಷಧಕ್ಕೂ ವಿಷಕ್ಕೂ ಅಂತರ ಕಡಿಮೆ. ಅದಕ್ಕೇ ರಕ್ತದಲ್ಲಿ ಲಿಥಿಯಂ ಮಟ್ಟ ನೋಡುತ್ತಿರಬೇಕು, ಕಿಡ್ನಿ, ಥೈರಾಯ್ಡ್ ಕೂಡ. ವಾಂತಿ ಭೇದಿಯಾದರೆ, ಕೈ ಜಾಸ್ತಿ ನಡುಗಿದರೆ, ನಡಿಗೆ ತೂರಾಡಿದರೆ ತಕ್ಷಣ ಡಾಕ್ಟರಿಗೆ ತಿಳಿಸಿ. ಕೇಳದೆ ಐಬುಪ್ರೊಫೆನ್ ಅನ್ನೋ ನೋವಿನ ಮಾತ್ರೆ ನುಂಗಬೇಡಿ.

ಅಮ್ಮನ ಬೈಗುಳದಿಂದ ಬೈಪೋಲಾರ್ ಬರುವುದಿಲ್ಲ. ವಂಶವಾಹಿಗಳ ಪಾಲು ದೊಡ್ಡದು. ಅದರ ಮೇಲೆ ನಿದ್ದೆಗೆಟ್ಟರೆ, ಒತ್ತಡ ಬಿದ್ದರೆ ಕೆರಳುತ್ತದೆ.

ಶಾಂತಚಿತ್ತ:
ಮಾತ್ರೆ ಎಲ್ಲ ವ್ಯಾಪಾರ. ಧ್ಯಾನ ಮಾಡಿಸಿ.

ನೈಟ್ ಡ್ಯೂಟಿ:
ಧ್ಯಾನ ಮಾಡಲಿ, ಬೇಡ ಅಂದವರು ಯಾರು? ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ಬಿಡಬಾರದು. ಹಾಗೆ ಬಿಟ್ಟವರನ್ನು ರಾತ್ರೋರಾತ್ರಿ ವಾರ್ಡಿಗೆ ಸೇರಿಸಿಕೊಂಡವಳು ನಾನು.

ಅಕ್ಕನ ತಮ್ಮ:
ನಿದ್ದೆಯ ಪ್ರಶ್ನೆ ಅಕ್ಕನಿಗೆ ಕೇಳಿದೆ. 'ಬಾಗಿಲಿಗೆ ಬಣ್ಣ ಹೊಡೆದ ವಾರ' ಅಂದಳು. ಹೋದ ವರ್ಷ ರಾತ್ರಿಯೆಲ್ಲ ಕೂತು ಮನೆಯ ಅಷ್ಟೂ ಬಾಗಿಲಿಗೆ ಬಣ್ಣ ಹೊಡೆದಿದ್ದಳು. ನಾವೆಲ್ಲ ಶಹಬ್ಬಾಸ್ ಅಂದಿದ್ವಿ. ಮೊದಲಿನ ಇಬ್ಬರು ಡಾಕ್ಟರಿಗೆ ಅದನ್ನು ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಗಿನಿಪಿಗ್ ಕಥೆ ಕೇಳಿ ನಕ್ಕು, ಮಾತ್ರೆ ನುಂಗಿದಳು.